ಶಾರ್ತ್ರ್ ಕೆಥೆಡ್ರಲ್‌ಗೆ ಅರ್ಧ ದಿನ ಸಾಕಾ?

ನಿಮ್ಮ ಪ್ರಶ್ನೆ ಇದು: ಜೂನ್‌ನಲ್ಲಿ ಅಪ್ಪ ಅಮ್ಮನ ಜೊತೆ ಪ್ಯಾರಿಸ್‌ಗೆ ಹೋಗುತ್ತಿದ್ದೀರಿ, ಅಲ್ಲಿಂದ ಶಾರ್ತ್ರ್ ಎಂಬ ಊರಿಗೆ ಹೋಗಿ ಅಲ್ಲಿನ ಮಧ್ಯಯುಗದ ದೊಡ್ಡ ಚರ್ಚ್, ಅಂದರೆ ಕೆಥೆಡ್ರಲ್ ಅನ್ನು ಗೈಡ್ ಇಟ್ಟುಕೊಂಡು ನೋಡಬೇಕು. ಅರ್ಧ ದಿನ ಸಾಕಾ, ಗೈಡ್ ನಿಜವಾಗಲೂ ಬೇಕಾ, ಮೊದಲೇ ಏನೇನು ಬುಕ್ ಮಾಡಬೇಕು.

ಅರ್ಧ ದಿನ ಸಾಲದು. ಗೈಡ್ ಬೇಕು, ಆದರೆ ಒಂದೂವರೆ ಗಂಟೆಗೆ ಮಾತ್ರ. ಆಮೇಲೆ ಅವರನ್ನು ಕಳಿಸಿಬಿಟ್ಟು ನೀವು ಸುಮ್ನೆ ಕುಳಿತು ನೋಡಬೇಕು.

ನಾನು ಪ್ಯಾರಿಸ್ ಪಕ್ಕದಲ್ಲೇ ಇರುವವನು. ಶಾರ್ತ್ರ್‌ಗೆ ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ದುಡ್ಡು ಕೊಟ್ಟು ಬಸ್ ಟೂರ್‌ನಲ್ಲಿ ಹೋದೆ. ಒಂದೇ ದಿನದಲ್ಲಿ ಮೂರು ಊರು ತೋರಿಸುತ್ತೇವೆ ಅಂದಿದ್ದರು. ಕೆಥೆಡ್ರಲ್‌ಗೆ ಸಿಕ್ಕಿದ್ದು ನಲವತ್ತೈದು ನಿಮಿಷ, ಅದರಲ್ಲಿ ಹತ್ತು ನಿಮಿಷ ಟಾಯ್ಲೆಟ್ ಕ್ಯೂ. ಆ ತಪ್ಪು ನೀವು ಮಾಡಬೇಡಿ, ರೈಲಿನಲ್ಲಿ ಹೋಗಿ.

ರೈಲು ಹೊರಡುವುದು ಪ್ಯಾರಿಸ್‌ನ ಮೊಂಪಾರ್ನಾಸ್ ನಿಲ್ದಾಣದಿಂದ. ಒಂದು ಗಂಟೆ, ಒಂದೂಕಾಲು ಗಂಟೆ ಪ್ರಯಾಣ. ನಿಮ್ಮ ಹತ್ತಿರ ಪ್ಯಾರಿಸ್‌ನ ಮೆಟ್ರೋ, ಬಸ್, ಲೋಕಲ್ ರೈಲಿಗೆ ನಡೆಯುವ ನಾವಿಗೋ ಪಾಸ್ ಇದ್ದರೂ ಅದು ಶಾರ್ತ್ರ್‌ವರೆಗೆ ನಡೆಯುವುದಿಲ್ಲ, ಬೇರೆ ಟಿಕೆಟ್ ಬೇಕು. ಇದು ಗೊತ್ತಿಲ್ಲದೆ ಎರಡನೇ ಸಲ ನಾನು ದಂಡ ಕಟ್ಟಿದ್ದೇನೆ. ಇನ್ನೊಂದು, ಊರಿನ ಹೆಸರನ್ನು (Chartres) ಇಂಗ್ಲಿಷ್‌ನಂತೆ ಓದಿ ಟಿಕೆಟ್ ಕೌಂಟರ್‌ನಲ್ಲಿ 'ಚಾರ್ಟ್ರೆಸ್' ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ಹೋಗುವಾಗ ನಿದ್ದೆ ಮಾಡಬೇಡಿ. ಕೊನೆಕೊನೆಗೆ ದಾರಿಯುದ್ದಕ್ಕೂ ಬರೀ ಗೋಧಿ ಹೊಲ, ಅದರ ಆಚೆ ಇದ್ದಕ್ಕಿದ್ದಂತೆ ಒಂದಕ್ಕೊಂದು ಹೋಲದ ಎರಡು ಗೋಪುರ ಕಾಣಿಸುತ್ತವೆ. ಗಿಡ್ಡದ್ದು ಹಳೆಯದು, 12ನೇ ಶತಮಾನದ್ದು. ಎತ್ತರದ್ದಕ್ಕೆ ಮೊದಲು ಮರದ ಶಿಖರ ಇತ್ತು. 1506ರಲ್ಲಿ ಸಿಡಿಲು ಬಡಿದು ಸುಟ್ಟುಹೋದ ಮೇಲೆ ಕಲ್ಲಿನಲ್ಲಿ ಕಟ್ಟಿದರು. ಸ್ಟೇಷನ್‌ನಿಂದ ನಡೆದರೆ ಹತ್ತು ನಿಮಿಷ, ಸ್ವಲ್ಪ ಏರು.

ಈಗ ಗೈಡ್ ವಿಷಯ. ಒಳಗೆ ಹೋಗಲು ಟಿಕೆಟ್ ಇಲ್ಲ, ದುಡ್ಡು ಕೊಡುವುದು ಗೈಡ್‌ಗೆ, ನೆಲಮಾಳಿಗೆಗೆ, ಗೋಪುರಕ್ಕೆ. ಫ್ರಾನ್ಸ್‌ನಲ್ಲಿ ಸರ್ಕಾರದ ಕಾರ್ಡ್ ಇರುವ ಗೈಡ್‌ಗಳನ್ನು 'ಗೀದ್ ಕಾನ್ಫೆರಾನ್ಸಿಯೇ' ಅನ್ನುತ್ತಾರೆ. ಈಮೇಲ್ ಬರೆಯುವಾಗ ಆ ಪದವನ್ನೇ ಬಳಸಿ, ಜೊತೆಗೆ ಇಂಗ್ಲಿಷ್‌ನಲ್ಲಿ ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ. ಇಲ್ಲಿ ಇಂಗ್ಲಿಷ್ ಟೂರ್‌ಗೆ ದೊಡ್ಡ ಪರಂಪರೆಯೇ ಇದೆ. ಮಾಲ್ಕಮ್ ಮಿಲ್ಲರ್ ಎಂಬ ಇಂಗ್ಲಿಷರು 1958ರಲ್ಲಿ ಶುರುಮಾಡಿ ದಶಕಗಟ್ಟಲೆ ಇದೊಂದೇ ಕಟ್ಟಡ ತೋರಿಸಿದರು. ಈಗ ಇಂಗ್ಲಿಷ್ ಟೂರ್ ಯಾವ ದಿನ, ಎಷ್ಟು ಹೊತ್ತಿಗೆ ಅನ್ನುವುದು ಸೀಸನ್ ಮೇಲೆ ಬದಲಾಗುತ್ತದೆ. ಅದಕ್ಕೇ ಮೊದಲು ಟೂರ್ ಸಮಯ ನೋಡಿ, ಆಮೇಲೆ ರೈಲು ಬುಕ್ ಮಾಡಿ. ಭಾನುವಾರ ಬೆಳಗ್ಗೆ ಬೇಡ. ಪೂಜೆ ನಡೆಯುವಾಗ ಒಳಗೆ ಸುತ್ತಾಡಲು ಬಿಡುವುದಿಲ್ಲ.

ಗೈಡ್ ಸಿಕ್ಕ ಕೂಡಲೇ ಹೇಳಿಬಿಡಿ: 'ಎಲ್ಲಾ ತೋರಿಸಬೇಡಿ. ಒಂದು ಬಾಗಿಲು, ಎರಡು ಕಿಟಕಿ ಸಾಕು.' ಒಳ್ಳೆಯ ಗೈಡ್ ಆದರೆ ಈ ಮಾತು ಕೇಳಿ ಖುಷಿಪಡುತ್ತಾರೆ. 170ಕ್ಕೂ ಜಾಸ್ತಿ ಬಣ್ಣದ ಗಾಜಿನ ಕಿಟಕಿ ಇವೆ, ಎಲ್ಲವನ್ನೂ ನೋಡಲು ಹೋದರೆ ಕತ್ತು ನೋವು ಅಷ್ಟೇ.

ಬಾಗಿಲು ಅಂದರೆ ಪಶ್ಚಿಮದ್ದು, ರಾಯಲ್ ಪೋರ್ಟಲ್. 1145ರ ಹೊತ್ತಿಗೆ ಕೆತ್ತಲು ಶುರುಮಾಡಿದ್ದು. ಅಂದರೆ ಹಳೇಬೀಡಿನಲ್ಲಿ ಉಳಿ ಸದ್ದು ಮಾಡುತ್ತಿದ್ದ ಕಾಲವೇ. ನಾನು ಅಮ್ಮನನ್ನು ಕರೆದುಕೊಂಡು ಹೋದಾಗ ನಮ್ಮ ಗೈಡ್ ಬಲಗಡೆಯ ಬಾಗಿಲಿನ ಕಮಾನು ತೋರಿಸಿದರು. ಅಲ್ಲಿ ವ್ಯಾಕರಣ ಎಂಬ ವಿದ್ಯೆಯನ್ನು ಒಬ್ಬ ಹೆಂಗಸಾಗಿ ಕೆತ್ತಿದ್ದಾರೆ. ಕೈಯಲ್ಲಿ ಬೆತ್ತ, ಕಾಲ ಬಳಿ ಇಬ್ಬರು ಹುಡುಗರು. ಒಬ್ಬ ಓದುತ್ತಿದ್ದಾನೆ, ಇನ್ನೊಬ್ಬ ಅವನ ಜುಟ್ಟು ಹಿಡಿದು ಎಳೆಯುತ್ತಿದ್ದಾನೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದ ಅಮ್ಮ ಅದನ್ನು ನೋಡಿ ಎಷ್ಟು ನಕ್ಕರು ಅಂದರೆ ಪಕ್ಕದ ಜಪಾನಿ ಗುಂಪು ತಿರುಗಿ ನೋಡಿತು. ಎಡಗಡೆ ಬಾಗಿಲಿನ ಸುತ್ತ ರಾಶಿಗಳಿವೆ, ಆಯಾ ತಿಂಗಳ ರೈತಾಪಿ ಕೆಲಸಗಳ ಜೊತೆ. ಎಣಿಸಿ ನೋಡಿ, ಹತ್ತೇ ಸಿಗುತ್ತವೆ. ಮೀನ, ಮಿಥುನ ಬಲಗಡೆ ಬಾಗಿಲಿನಲ್ಲಿ ಕೂತಿವೆ, ಇಲ್ಲಿ ಜಾಗ ಸಾಲಲಿಲ್ಲ! ಗೈಡ್ ಇಲ್ಲದಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಕಿಟಕಿಗಳಲ್ಲಿ ಮೊದಲು ನೀಲಿ ಬಟ್ಟೆಯ ಮೇರಿ ಮಾತೆಯದ್ದು, ಫ್ರೆಂಚ್‌ನಲ್ಲಿ ಬೆಲ್ ವೆರಿಯೇರ್. 1194ರ ಬೆಂಕಿಯಲ್ಲಿ ಹಳೆಯ ಚರ್ಚಿನ ಬಹುಭಾಗ ಸುಟ್ಟರೂ ಉಳಿದ ಗಾಜುಗಳಲ್ಲಿ ಇದೂ ಒಂದು. ದಕ್ಷಿಣದ ಕಡೆ ಇರುವುದರಿಂದ ಮಧ್ಯಾಹ್ನದ ಬಿಸಿಲಿಗೆ ಹೋಗಿ. ಎರಡನೆಯದು ಅದೇ ದಕ್ಷಿಣ ಬದಿಯ ಗುಡ್ ಸಮಾರಿಟನ್ ಕಿಟಕಿ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನಿಗೆ ಅಪರಿಚಿತನೊಬ್ಬ ಸಹಾಯ ಮಾಡುವ ಬೈಬಲ್ ಕಥೆ ಅದು. ಕೆಳಗಿನಿಂದ ಮೇಲಕ್ಕೆ ಓದಬೇಕು. ಕಥೆಗೆ ಮೊದಲು ತೀರಾ ಕೆಳಗಿನ ಚಿತ್ರಗಳನ್ನು ನೋಡಿ, ಬೂಟು ಹೊಲಿಯುವವರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದಾರೆ. ಬೇರೆ ಕಿಟಕಿಗಳಲ್ಲಿ ಬೇಕರಿಯವರು, ಗಿರಾಕಿಗೆ ತುಪ್ಪಳದ ಕೋಟು ಬಿಚ್ಚಿ ತೋರಿಸುವ ವ್ಯಾಪಾರಿ, ಹೀಗೆ ಊರಿನವರೆಲ್ಲಾ ಇದ್ದಾರೆ. ಇವರೇ ಕಿಟಕಿಗೆ ದುಡ್ಡು ಕೊಟ್ಟವರು ಅಂತ ಬಹಳ ಗೈಡ್‌ಗಳು ಹೇಳುತ್ತಾರೆ. ಇತಿಹಾಸಕಾರರಲ್ಲಿ ಅದರ ಬಗ್ಗೆ ಜಗಳವಿದೆ.

ಇಷ್ಟೊಂದು ಗಾಜು ಇನ್ನೂ ಉಳಿದಿರುವುದು ಹೇಗೆ ಅಂತ ಗೈಡ್‌ನ ಕೇಳಿ. 1939ರಲ್ಲಿ ಯುದ್ಧ ಶುರುವಾದಾಗ ಕಿಟಕಿಗಳನ್ನೆಲ್ಲಾ ಬಿಚ್ಚಿ, ಪೆಟ್ಟಿಗೆಗಳಲ್ಲಿ ತುಂಬಿ ದೂರ ಸಾಗಿಸಿದರು. ಕಟ್ಟಡ ಉಳಿದ ಕಥೆ ಬೇರೆ. 1944ರ ಆಗಸ್ಟ್‌ನಲ್ಲಿ ಗೋಪುರದಲ್ಲಿ ಜರ್ಮನ್ನರು ಅಡಗಿದ್ದಾರೆ ಎಂಬ ಗುಮಾನಿ ಅಮೆರಿಕದ ಸೇನೆಗೆ ಇತ್ತು. ವೆಲ್ಬೋರ್ನ್ ಗ್ರಿಫಿತ್ ಎಂಬ ಕರ್ನಲ್ ತಾನೇ ಒಳಗೆ ಹೋಗಿ ನೋಡಿ, ಯಾರೂ ಇಲ್ಲ ಅಂತ ಖಚಿತಪಡಿಸಿದ. ಫಿರಂಗಿ ಹಾರಲಿಲ್ಲ. ಅದೇ ದಿನ ಪಕ್ಕದ ಲೇವ್ ಎಂಬ ಊರಿನಲ್ಲಿ ಅವನು ಗುಂಡಿಗೆ ಬಲಿಯಾದ.

ಒಳಗೆ ಹೊಕ್ಕ ತಕ್ಷಣ ಗೋಡೆಗಳು ಬೆಳ್ಳಗೆ ಕಂಡರೆ ಗಾಬರಿಯಾಗಬೇಡಿ. 2009ರಿಂದ ಶುರುವಾದ ದುರಸ್ತಿಯಲ್ಲಿ ಮಸಿ ತೆಗೆದು ತಿಳಿ ಕೆನೆ ಬಣ್ಣಕ್ಕೆ ತಂದಿದ್ದಾರೆ. ಮಧ್ಯಯುಗದಲ್ಲಿ ಹೀಗೇ ಇತ್ತು ಅನ್ನುವುದು ಅವರ ವಾದ. ನನಗೆ ಮೊದಲು ಹೊಸ ಅಪಾರ್ಟ್‌ಮೆಂಟಿಗೆ ಗೃಹಪ್ರವೇಶಕ್ಕೆ ಹೋದ ಹಾಗಾಯಿತು. ಒಗ್ಗಿಕೊಳ್ಳಲು ಇನ್ನೊಂದು ಸಲ ಹೋಗಬೇಕಾಯಿತು.

ನೆಲದ ಮೇಲೆ ಕಲ್ಲಿನಲ್ಲಿ ಹಾಕಿದ ಚಕ್ರವ್ಯೂಹದಂಥ ದಾರಿ ಇದೆ, ಲ್ಯಾಬಿರಿಂತ್. ಸುಮಾರು 13 ಮೀಟರ್ ಅಗಲ, ನಡೆದರೆ 260 ಮೀಟರ್ ದಾರಿ. ಬೇರೆ ದಿನ ಅದರ ಮೇಲೆ ಕುರ್ಚಿ ಹಾಕಿರುತ್ತಾರೆ. ಬೇಸಿಗೆಯಲ್ಲಿ ಸಾಮಾನ್ಯವಾಗಿ ಶುಕ್ರವಾರ ಕುರ್ಚಿ ಸರಿಸುತ್ತಾರೆ, ಹಾಗಾಗಿ ಶುಕ್ರವಾರವೇ ಹೋಗಿ. ನೀವು ಜೂನ್ 21ರ ಆಸುಪಾಸು ಅಲ್ಲಿದ್ದರೆ ಇನ್ನೊಂದು ಲಾಭ. ಕಟ್ಟಡ ಶಿಲುಬೆಯ ಆಕಾರದ್ದು, ಅದರ ದಕ್ಷಿಣದ ತೋಳಿನ ನೆಲದಲ್ಲಿ ಒಂದು ಕಲ್ಲು ಮಾತ್ರ ಓರೆಯಾಗಿ ಹಾಸಿದೆ, ಅದರಲ್ಲೊಂದು ಲೋಹದ ಮೊಳೆ. ವರ್ಷದ ಅತಿ ಉದ್ದದ ಹಗಲಿನಂದು, ಮೋಡ ಇಲ್ಲದಿದ್ದರೆ, ಕಿಟಕಿಯ ಸಣ್ಣ ಬಿಳಿ ಗಾಜಿನಿಂದ ಬಂದ ಬಿಸಿಲು ಅಲ್ಲಿಗೆ ಬೀಳುತ್ತದೆ. ಮಧ್ಯಾಹ್ನ ಒಂದೂವರೆಗೇ ಹೋಗಿ ನಿಲ್ಲಿ.

ನೆಲಮಾಳಿಗೆಗೆ ಗೈಡ್ ಜೊತೆಯೇ ಬಿಡುವುದು. ಫ್ರಾನ್ಸ್‌ನಲ್ಲೇ ಅತಿ ಉದ್ದದ್ದು ಅನ್ನುತ್ತಾರೆ, ಒಳಗೊಂದು ಹಳೇ ಬಾವಿಯೂ ಇದೆ. ಟೂರ್ ಫ್ರೆಂಚ್‌ನಲ್ಲೇ ಇರುವುದು ಜಾಸ್ತಿ, ತಣ್ಣಗಿರುತ್ತದೆ, ಅಮ್ಮನಿಗೆ ಶಾಲು ಇರಲಿ. ಗೋಪುರ ಅಂದರೆ ಇನ್ನೂರಕ್ಕೂ ಮೀರಿ ಸುರುಳಿ ಮೆಟ್ಟಿಲು. ಅಪ್ಪನಿಗೆ ಮಂಡಿ ನೋವಿದ್ದರೆ ಬಿಟ್ಟುಬಿಡಿ.

ಊಟಕ್ಕೆ ಬಕ್‌ವೀಟ್ ಎಂಬ ಧಾನ್ಯದ ಕಪ್ಪಗಿನ ಹಿಟ್ಟಿನ ಗಾಲೆತ್ ಸಿಗುತ್ತದೆ, ನಮ್ಮ ದೋಸೆಯ ದೂರದ ನೆಂಟ. ಸಸ್ಯಾಹಾರಿಗಳಾದರೆ 'ಕಾಂಪ್ಲೇತ್' ಅಂತ ಬರೆದದ್ದನ್ನು ಹೇಳಬೇಡಿ, ಅದರಲ್ಲಿ ಮೊಟ್ಟೆ, ಹಂದಿಮಾಂಸ ಎರಡೂ ಇರುತ್ತವೆ. ರಾತ್ರಿ ಕೆಥೆಡ್ರಲ್ ಗೋಡೆಯ ಮೇಲೆ ಬಣ್ಣದ ಬೆಳಕಿನ ಆಟವಿದೆ. ಆದರೆ ಜೂನ್‌ನಲ್ಲಿ ಕತ್ತಲಾಗುವುದೇ ಹತ್ತೂವರೆ ಮೇಲೆ. ಕೊನೆಯ ರೈಲು ನೋಡಿಕೊಂಡು ನಿರ್ಧರಿಸಿ, ಇಲ್ಲದಿದ್ದರೆ ಅಲ್ಲೇ ಒಂದು ರಾತ್ರಿ ಉಳಿಯಿರಿ.

ಹಾಂ, ಬೈನಾಕ್ಯುಲರ್! ಮೇಲಿನ ಗಾಜು ಬರಿಗಣ್ಣಿಗೆ ಬಣ್ಣದ ಚುಕ್ಕಿ ಅಷ್ಟೇ. ಎರಡು ತೆಗೆದುಕೊಂಡು ಹೋಗಿ. ನಮ್ಮ ಹತ್ತಿರ ಒಂದೇ ಇತ್ತು, ಅಪ್ಪ ಕೊನೆವರೆಗೂ ಯಾರಿಗೂ ಕೊಡಲಿಲ್ಲ.