'ಡಿಡಂಟ್ ವೆಂಟ್' ಯಾಕೆ ತಪ್ಪು?

ನಿಮ್ಮ ಮಗಳು ಇಂಗ್ಲಿಷಿನಲ್ಲಿ 'ನಾನು ಹೋಗಲಿಲ್ಲ' ಅನ್ನೋಕೆ 'ಐ ಡಿಡಂಟ್ ವೆಂಟ್' ಅಂತ ಬರೆಯುತ್ತಾಳೆ, ಹೇಗೆ ತಿದ್ದೋದು ಅಂತ ಕೇಳಿದ್ದೀರಿ. ಅದಕ್ಕೆ ಕಾರಣ, ಭೂತಕಾಲವನ್ನು ಎರಡು ಸಲ ಹೇಳುತ್ತಿರುವುದೇ ಇರಬೇಕು. 'ಡಿಡ್' ಬಂತು ಅಂದರೆ ಆ ಕೆಲಸ ಮುಗಿಯಿತು, ಮುಂದಿನ ಕ್ರಿಯಾಪದ ಮೂಲರೂಪದಲ್ಲೇ ಇರಬೇಕು. ಮೊದಲು ಕನ್ನಡದಲ್ಲೇ ತೋರಿಸಿ. 'ನಿನ್ನೆ ದುರ್ಗದ ಕೋಟೆಗೆ ಹೋದೆ' ಅಂತೀವಿ, ಆದರೆ ಇಲ್ಲ ಅನ್ನುವಾಗ 'ಹೋಗಲಿಲ್ಲ'. 'ಹೋದಲಿಲ್ಲ' ಅಂತ ಯಾರೂ ಅನ್ನಲ್ಲ, ಅಲ್ವಾ? ಹಾಗೇ ಇಂಗ್ಲಿಷಿನಲ್ಲೂ ಹೋದೆ ಅನ್ನೋಕೆ 'ವೆಂಟ್', ಹೋಗಲಿಲ್ಲ ಅನ್ನೋಕೆ 'ಡಿಡಂಟ್ ಗೋ'. ಪ್ರಶ್ನೆ ಕೇಳುವಾಗ ಮಾತ್ರ ಈ ಹೋಲಿಕೆ ಕೈಕೊಡುತ್ತದೆ, ನಮ್ಮದು 'ಹೋದೆಯಾ', ಇಂಗ್ಲಿಷಿನದು 'ಡಿಡ್ ಯು ಗೋ', ಅದಕ್ಕೇ ಇದನ್ನು ಬಾಯಲ್ಲಿ ಜಾಸ್ತಿ ಹೇಳಿಸಿ. ಆಮೇಲೆ ಈಟ್-ಏಟ್, ಸೀ-ಸಾ ಥರ ಭೂತಕಾಲದಲ್ಲಿ ರೂಪವೇ ಬದಲಾಗುವ ಕ್ರಿಯಾಪದಗಳು ದಿನಕ್ಕೆ ಐದು ಸಾಕು. ಸುಮ್ನೆ ಉರು ಹೊಡೆಸಬೇಡಿ, ಅವತ್ತು ಅವಳು ಮಾಡಿದ್ದರ ಮೇಲೇ ವಾಕ್ಯ ಬರೆಸಿ. 'ವಾಸ್', 'ವರ್' ಇದ್ದಲ್ಲಿ ಡಿಡ್ ಬೇಡ, 'ಐ ವಾಸ್ ನಾಟ್' ಅಷ್ಟೇ.