ಸಿಎ-125 ಜಾಸ್ತಿ ಬಂದಿದೆ, ರಾತ್ರಿ ನಿದ್ದೆಯೇ ಇಲ್ಲ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಆಫರ್ ಇದೆ ಅಂತ ಲ್ಯಾಬ್ ಒಂದರಲ್ಲಿ ಫುಲ್ ಬಾಡಿ ಚೆಕಪ್ ಮಾಡಿಸಿದೆ. ಸಿಎ-125 ಅನ್ನೋದು 58 ಬಂದಿದೆ, 35ರ ಒಳಗಿರಬೇಕಂತೆ. ಮೊಬೈಲಲ್ಲಿ ಹುಡುಕಿದರೆ ಅಂಡಾಶಯದ ಕ್ಯಾನ್ಸರ್ ಅಂತಲೇ ಬರುತ್ತೆ. ರಕ್ತ ಕೊಟ್ಟಿದ್ದು ಮುಟ್ಟಿನ ಎರಡನೇ ದಿನ. ಮುಟ್ಟಾದಾಗ ಹೊಟ್ಟೆನೋವು ನನಗೆ ಮೊದಲಿಂದಲೂ ಜಾಸ್ತಿ. ಮುಂದಿನ ವಾರ ಮೈಸೂರಲ್ಲಿ ಸ್ಕ್ಯಾನಿಂಗ್ ಇದೆ. ಯಜಮಾನರಿಗೆ ಇನ್ನೂ ಹೇಳಿಲ್ಲ. ರಾತ್ರಿ ಎದ್ದು ಕೂತು ಹೊಟ್ಟೆ ಒತ್ತಿ ಒತ್ತಿ ನೋಡ್ಕೊತೀನಿ. ಏನು ಮಾಡಲಿ?
– ಓದುಗರು, ಮಂಡ್ಯ

ಉತ್ತರ: ಮೊದಲು ಯಜಮಾನರಿಗೆ ಹೇಳಿ, ಇವತ್ತೇ. ಇಷ್ಟು ಭಯವನ್ನು ಒಬ್ಬರೇ ಇಟ್ಟುಕೊಂಡು ಒಂದು ವಾರ ಕಳೆಯೋದು ಬೇಡ.

ರಕ್ತ ಕೊಟ್ಟಿದ್ದು ಮುಟ್ಟಿನ ಎರಡನೇ ದಿನ ಅಂತ ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ್ದು ಅದು. ಸಿಎ-125 ಅಂದರೆ ರಕ್ತದಲ್ಲಿ ಸಿಗುವ ಒಂದು ಪ್ರೋಟೀನ್, ಅದು ಬರೀ ಕ್ಯಾನ್ಸರ್ ಗಡ್ಡೆಯಿಂದ ಬರುವುದಲ್ಲ. ಗರ್ಭಕೋಶದ ಒಳಪದರ, ಹೊಟ್ಟೆಯೊಳಗಿನ ತೆಳುವಾದ ಪೊರೆ ಕೂಡ ಇದನ್ನು ತಯಾರಿಸುತ್ತವೆ. ಹಾಗಾಗಿ ಮುಟ್ಟಿನ ದಿನಗಳಲ್ಲಿ, ಬಸಿರಿನಲ್ಲಿ, ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆ) ಅಥವಾ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆದು ಮುಟ್ಟಿನಲ್ಲಿ ನೋವು ಕೊಡುವ ಕಾಯಿಲೆ) ಇದ್ದಾಗ, ಲಿವರ್ ಕಾಯಿಲೆಯಲ್ಲಿ, ಹೊಟ್ಟೆಯ ಟಿಬಿಯಲ್ಲೂ ಇದು ಏರುತ್ತದೆ. ಏನೂ ತೊಂದರೆ ಇಲ್ಲದ 100 ಹೆಂಗಸರಲ್ಲಿ ಸುಮಾರು ಒಬ್ಬರಿಗೆ 35 ದಾಟಿರುತ್ತದೆ. ಇನ್ನೊಂದು ಕಡೆ, ಅಂಡಾಶಯದ ಕ್ಯಾನ್ಸರ್ ಶುರುವಿನ ಹಂತದಲ್ಲಿರುವ ಅರ್ಧದಷ್ಟು ಜನರಲ್ಲಿ ಇದು ನಾರ್ಮಲ್ ಆಗಿಯೇ ಇರುತ್ತದೆ. ಅದಕ್ಕೇ, ಯಾವ ಲಕ್ಷಣವೂ ಇಲ್ಲದವರಿಗೆ ಸುಮ್ನೆ ಈ ಟೆಸ್ಟ್ ಮಾಡಬೇಡಿ ಅಂತ ತಜ್ಞರು ಹೇಳುವುದು. ಚಿಕಿತ್ಸೆ ತಗೊಳ್ಳುತ್ತಿರುವವರಲ್ಲಿ ಗಡ್ಡೆ ಕರಗುತ್ತಿದೆಯಾ ಅಂತ ನೋಡಲು ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅಂಥದ್ದನ್ನು ಪ್ಯಾಕೇಜಿಗೆ ಸೇರಿಸಿ ಮಾರಿ, ರಿಪೋರ್ಟ್ ಕೈಗಿಟ್ಟು, ವಿವರಿಸೋಕೆ ಒಬ್ಬ ಡಾಕ್ಟರೂ ಇಲ್ಲದ ಹಾಗೆ ಕಳಿಸುತ್ತಾರಲ್ಲ, ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಹಾಗಂತ ಬಿಟ್ಟುಬಿಡಿ ಅನ್ನುತ್ತಿಲ್ಲ. ಸ್ಕ್ಯಾನಿಂಗ್ ಮಾಡಿಸಲೇಬೇಕು. ಆಮೇಲೆ ಯಾರಿಗೆ ತೋರಿಸುತ್ತೀರಿ ಅಂತ ನೀವು ಬರೆದಿಲ್ಲ. ಸ್ತ್ರೀರೋಗ ತಜ್ಞರಿಗೆ ತೋರಿಸಿ. ನಿಮ್ಮೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲೂ ಇದ್ದಾರೆ, ಮೈಸೂರಿನ ಚೆಲುವಾಂಬ ಆಸ್ಪತ್ರೆಯಂತೂ ಹೆಂಗಸರು ಮಕ್ಕಳಿಗೇ ಇರುವಂಥದ್ದು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ ಸಾಮಾನ್ಯವಾಗಿ ಕೆಲವು ವಾರ ಬಿಟ್ಟು ರಕ್ತ ಮತ್ತೆ ನೋಡುತ್ತಾರೆ. ಆಗ ಮುಟ್ಟಿನ ದಿನ ಬೇಡ, ಲ್ಯಾಬ್ ಮಾತ್ರ ಅದೇ ಇರಲಿ. ಯಾಕೆಂದರೆ ಒಂದೊಂದು ಲ್ಯಾಬ್‌ನ ಕಿಟ್‌ನಲ್ಲಿ ಒಂದೊಂದು ಥರ ಬರಬಹುದು. ತಾಯಿ ಕಡೆ ಅಥವಾ ತಂದೆ ಕಡೆ ಯಾರಿಗಾದರೂ ಸ್ತನದ ಇಲ್ಲವೇ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಮರೆಯದೆ ಹೇಳಿ. ಹೊಟ್ಟೆ ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗಾಗುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು, ಇವು ಬಿಡದೆ ಕಾಡುತ್ತಿದ್ದರೆ ಅದನ್ನೂ ಹೇಳಿ. ಮುಟ್ಟು ನಿಂತ ಹೆಂಗಸರಲ್ಲಿ ಇದೇ 58 ಬಂದರೆ ಡಾಕ್ಟರು ಇನ್ನೂ ಹೆಚ್ಚು ಎಚ್ಚರದಿಂದ ನೋಡುತ್ತಾರೆ, ಹಾಗಾಗಿ ಬೇರೆಯವರ ರಿಪೋರ್ಟಿಗೆ ನಿಮ್ಮದನ್ನು ಹೋಲಿಸಬೇಡಿ.

ಇನ್ನು ರಾತ್ರಿಯ ವಿಷಯ. ದಯವಿಟ್ಟು ಹೊಟ್ಟೆ ಒತ್ತಿ ನೋಡುವುದನ್ನು ನಿಲ್ಲಿಸಿ. ಅಂಡಾಶಯ ಕಿಬ್ಬೊಟ್ಟೆಯ ಆಳದಲ್ಲಿರುತ್ತದೆ, ಅಲ್ಲಿನ ಸಣ್ಣ ಗಂಟು ನಿಮ್ಮ ಬೆರಳಿಗೆ ಸಿಗುವುದಿಲ್ಲ. ಒತ್ತಿ ಒತ್ತಿ ನೋವಾಗುತ್ತದೆ ಅಷ್ಟೇ, ಆ ನೋವು ನೋಡಿ ಭಯ ಇನ್ನೂ ಜಾಸ್ತಿಯಾಗುತ್ತದೆ. ರಿಪೋರ್ಟನ್ನು ಮೊಬೈಲಿಂದ ಯಜಮಾನರಿಗೆ ಕಳಿಸಿ, ನಿಮ್ಮ ಮೊಬೈಲಲ್ಲಿ ಅಳಿಸಿಬಿಡಿ. ಯೋಚನೆ ಬರಬಾರದು ಅಂದರೆ ಬರದೇ ಇರುತ್ತದಾ? ಬರಲಿ. ಸಂಜೆ ಅರ್ಧ ಗಂಟೆ ಅದಕ್ಕೇ ಕೊಡಿ, ಆಗ ಡಾಕ್ಟರಿಗೆ ಕೇಳಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ರಾತ್ರಿ ಹೊಸ ಪ್ರಶ್ನೆ ಎದ್ದರೆ ಅದನ್ನೂ ಅದರಲ್ಲೇ ಬರೆದು ಮಲಗಿ. ಎದೆ ಬಡಿದುಕೊಂಡು ತಡೆಯಲಾಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದೇ ಸೇವೆ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಆ ಹಾಳೆಯಲ್ಲಿ ಮೊದಲು ಬರೆಯಬೇಕಾದ್ದು ನಿಮ್ಮ ಹೊಟ್ಟೆನೋವು. ‘ಮೊದಲಿಂದಲೂ ಜಾಸ್ತಿ’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಎಷ್ಟು ವರ್ಷದಿಂದ, ತಿಂಗಳಿಗೆ ಎಷ್ಟು ದಿನ, ಮಾತ್ರೆ ಇಲ್ಲದೆ ತಡೆಯಲು ಆಗುತ್ತದಾ, ರಕ್ತ ಎಷ್ಟು ಹೋಗುತ್ತದೆ, ಎಲ್ಲವನ್ನೂ ಹೇಳಿ. ಈ 58ಕ್ಕೆ ಕಾರಣ ಅಲ್ಲೇ ಇರಬಹುದು. ಎರಡನೇ ಸಲ ಸಿಎ-125 ನಾರ್ಮಲ್ ಬಂದರೂ ಆ ನೋವಿಗೆ ಚಿಕಿತ್ಸೆ ಕೇಳದೆ ಎದ್ದು ಬರಬೇಡಿ.