ಖರ್ಚಿನ ಲೆಕ್ಕ ಬಯಲಿಗಿಟ್ಟರೆ ಲಂಚ ಕಡಿಮೆಯಾಗುತ್ತಾ?

ಪ್ರಶ್ನೆ: ಸರ್ಕಾರ ಖರ್ಚಿನ ಲೆಕ್ಕ ಪ್ರಕಟಿಸಿದರೆ ಭ್ರಷ್ಟಾಚಾರ ನಿಜವಾಗಿಯೂ ತಗ್ಗುತ್ತಾ? ಸುಸ್ಥಿರ ಅಭಿವೃದ್ಧಿಗೂ ಇದಕ್ಕೂ ಏನು ಸಂಬಂಧ?

ಉತ್ತರ: ತಗ್ಗುತ್ತದೆ, ಆದರೆ ಲೆಕ್ಕ ನೋಡಿ ಕೇಳುವವರು ಇರಬೇಕು. ಉಗಾಂಡಾದಲ್ಲಿ 1991ರಿಂದ 1995ರವರೆಗೆ ಪ್ರಾಥಮಿಕ ಶಾಲೆಗಳಿಗೆ ಅಂತ ಕೊಟ್ಟ ಅನುದಾನದಲ್ಲಿ ಸರಾಸರಿ 13% ಮಾತ್ರ ಶಾಲೆ ತಲುಪಿತ್ತು ಎಂದು ಸಮೀಕ್ಷೆಯೊಂದು ತೋರಿಸಿತು; ಆಮೇಲೆ ಯಾವ ಜಿಲ್ಲೆಗೆ ಎಷ್ಟು ಹಣ ಹೋಯಿತು ಅನ್ನೋದನ್ನು ಸರ್ಕಾರ ಪತ್ರಿಕೆಗಳಲ್ಲೇ ಪ್ರಕಟಿಸತೊಡಗಿತು, ಶಾಲೆಗೆ ಸೇರುವ ಪಾಲೂ ತುಂಬಾ ಜಾಸ್ತಿಯಾಯಿತು. ಅಂಕಿ ಗೊತ್ತಿದ್ದರೆ ತಾನೇ ಪೋಷಕರು ಕೇಳೋದು, ಅಲ್ವಾ?

2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 16ನೆಯದು ಲಂಚ ತಗ್ಗಿಸಿ ಅಂತಲೇ ಹೇಳುತ್ತದೆ. ನೀರು, ಶಾಲೆ, ಆಸ್ಪತ್ರೆಯ ಹಣ ಸೋರಿದರೆ ಉಳಿದ ಗುರಿಗಳೂ ಕೈಗೂಡವು. ಸುಮ್ನೆ ಒಟ್ಟು ಮೊತ್ತ ಹಾಕಿದರೆ ಸಾಲದು. ಗುತ್ತಿಗೆ ಯಾರಿಗೆ, ಎಷ್ಟಕ್ಕೆ, ಕೆಲಸ ಮುಗಿಯಿತಾ ಅನ್ನೋದೂ ಕಾಣಬೇಕು.